2003ರ ಬೋರ್ಡೋ ಕೆಂಪು ವೈನ್ ಸಂಗ್ರಹಕ್ಕೆ ಯೋಗ್ಯವೇ?

ಪುಣೆಯಲ್ಲಿರುವ ತಾವು, ಮುಂಬೈಯ ಪರಿಚಿತರೊಬ್ಬರು ಮಾರಲಿಟ್ಟಿರುವ ಫ್ರಾನ್ಸಿನ ಬೋರ್ಡೋ ಪ್ರದೇಶದ 2003ರ ಕೆಂಪು ವೈನನ್ನು ಸಂಗ್ರಹಕ್ಕೆ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಕೊಳ್ಳಬಹುದು, ಆದರೆ ಇನ್ನೂ ಇಪ್ಪತ್ತು ವರ್ಷ ಇಡುವ ಆಸೆಯಿಂದಲ್ಲ.

ಆ ವರ್ಷದ ಆಗಸ್ಟ್‌ನಲ್ಲಿ ಯುರೋಪನ್ನು ಬೇಯಿಸಿದ ಬಿಸಿಗಾಳಿಗೆ ದ್ರಾಕ್ಷಿ ಬೇಗ ಮಾಗಿ, ಸಕ್ಕರೆ ಏರಿ, ಹುಳಿ ಇಳಿಯಿತು. ಹುಳಿ ಕಡಿಮೆಯಾದ ವೈನ್ ಎಳವೆಯಲ್ಲಿ ಎಷ್ಟೇ ಮೋಹಕವಾಗಿದ್ದರೂ ಬೇಗ ಬಳಲುತ್ತದೆ. ಮೆರ್ಲೋ ಎಂಬ ದ್ರಾಕ್ಷಿ ತಳಿ ಹೆಚ್ಚಿರುವ, ಬೋರ್ಡೋದ ಪೊಮೆರೋಲ್ ಭಾಗದ ಹಲವು ವೈನ್‌ಗಳು ಹೀಗೆ ಸೊರಗಿದವು. ಬೋರ್ಡೋದ ಇನ್ನೊಂದು ಭಾಗವಾದ ಸಾಂತ್-ಎಸ್ತೆಫ್‌ನ ಜೇಡಿಮಣ್ಣು ಮಾತ್ರ ನೀರನ್ನು ಹಿಡಿದಿಟ್ಟುಕೊಂಡದ್ದರಿಂದ, ಅಲ್ಲಿಯ ಮೊಂತ್ರೋಸ್ ಎಂಬ ತೋಟದ ವೈನ್ ಆ ವರ್ಷದ ಅತ್ಯುತ್ತಮ ವೈನ್‌ಗಳ ಸಾಲಿನಲ್ಲಿ ನಿಂತಿತು.

ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ನೋಡಿ: ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿರುವುದು ವಯಸ್ಸಿಗೆ ಸಹಜ, ನಡುಭಾಗವೂ ಕಂದಾಗಿದ್ದರೆ ಬಿಟ್ಟುಬಿಡಿ. ಗುಟುಕು ಇಳಿದ ಮೇಲೆ ಬಾಯಲ್ಲಿ ನೀರೂರಬೇಕು. ಬರೀ ಒಣದ್ರಾಕ್ಷಿಯ ಸಿಹಿಯೂ ಗಂಟಲಲ್ಲಿ ಮದ್ಯದ ಉರಿಯೂ ಉಳಿದರೆ ಸಮತೋಲ ತಪ್ಪಿದೆ ಎಂದೇ ಅರ್ಥ.

ಬಾಟಲಿ 12–14 ಡಿಗ್ರಿಯ ತಂಪಿನಲ್ಲಿತ್ತೋ, ಮುಂಬೈಯ ಮೇ ತಿಂಗಳನ್ನು ಷೋಕೇಸಿನಲ್ಲಿ ಕಳೆಯಿತೋ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಬಿರಡೆ ಉಬ್ಬಿದ್ದರೆ, ಅಥವಾ ವೈನಿನ ಮಟ್ಟ ಬಾಟಲಿಯ ಭುಜಕ್ಕಿಂತ ಕೆಳಗಿಳಿದಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ನಾನಂತೂ ಕೊಳ್ಳುವುದಿಲ್ಲ.