ಡೌಲಾ ಇದ್ರೆ ನಾರ್ಮಲ್ ಡೆಲಿವರಿ ಗ್ಯಾರಂಟಿನಾ? ಮತ್ತೆ ಮತ್ತೆ ಬರೋ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಂಗೀಗ ಏಳು ತಿಂಗಳು. ಡೌಲಾ, ಅಂದ್ರೆ ಹೆರಿಗೆ ಹೊತ್ತಲ್ಲಿ ಜೊತೆಗಿದ್ದು ಆಸರೆ ಕೊಡೋರನ್ನ ಇಟ್ಕೊಂಡ್ರೆ ಖಂಡಿತ ನಾರ್ಮಲ್ ಡೆಲಿವರಿನೇ ಆಗತ್ತೆ ಅಂತ ಒಬ್ರು ಹೇಳಿದ್ರು, ನಿಜಾನಾ? ಸಿಸೇರಿಯನ್ ಆಗ್ಬಿಟ್ರೆ ಕೊಟ್ಟ ದುಡ್ಡು ದಂಡ ತಾನೆ?

ಉತ್ತರ: ಹಾಗಂತ ಹೇಳಿದವ್ರು ಡೌಲಾನೇ ಆಗಿದ್ರೆ ದಯವಿಟ್ಟು ಅವ್ರನ್ನ ಬಿಟ್ಟು ಬೇರೆಯವ್ರನ್ನ ಹುಡುಕಿ. ಹೆರಿಗೆ ಹಿಂಗೇ ಆಗತ್ತೆ ಅಂತ ಬರ್ಕೊಡೋಕೆ ಯಾರ ಕೈಲೂ ಆಗಲ್ಲ. ಮಗು ಅಡ್ಡ ಮಲಗಿದ್ರೆ, ಮಾಸು ಗರ್ಭಕೋಶದ ಬಾಯಿಗೇ ಅಡ್ಡ ಕೂತಿದ್ರೆ, ಮಗು ಹಾರ್ಟ್‌ಬೀಟ್ ಇಳಿದದ್ದು ಮೇಲೆ ಬರದೇ ಹೋದ್ರೆ ಯಾವ ಮಸಾಜೂ ಯಾವ ಉಸಿರಾಟವೂ ಕೆಲಸಕ್ಕೆ ಬರಲ್ಲ, ಆಗ ಬೇಕಿರೋದು ಆಪರೇಷನ್ನೇ. ಈ ಪ್ರಶ್ನೆ ಬಂದಾಗಲೆಲ್ಲ ನಂಗೆ ಸಿಟ್ಟು ಬರತ್ತೆ, ಕೇಳೋರ ಮೇಲಲ್ಲ, ಗ್ಯಾರಂಟಿ ಮಾರೋರ ಮೇಲೆ, ಯಾಕಂದ್ರೆ ಅದನ್ನ ನಂಬಿದ ತಾಯಿಗೆ ಸಿಸೇರಿಯನ್ ಆದ್ರೆ ತಾನೇ ಏನೋ ತಪ್ಪು ಮಾಡ್ದೆ ಅಂತ ತಿಂಗಳುಗಟ್ಲೆ ಕೊರಗ್ತಾಳೆ.

ಉಪಯೋಗ ಇಲ್ವಾ ಅಂದ್ರೆ ಇದೆ, ಚೆನ್ನಾಗೇ ಇದೆ. 2017ರ ಕಾಕ್ರೇನ್ ರಿವ್ಯೂ (ಹಲವು ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ಪರಿಶೀಲಿಸೋ ವರದಿ) 26 ಅಧ್ಯಯನ, 15,000ಕ್ಕೂ ಹೆಚ್ಚು ಹೆಂಗಸರ ಹೆರಿಗೆ ನೋಡ್ತು, ನೋವು ತಿನ್ನೋವಾಗ ಒಬ್ರು ಬಿಡದೇ ಜೊತೆಗಿದ್ರೆ ತಾನಾಗೇ ಆಗೋ ಹೆರಿಗೆ ಜಾಸ್ತಿ, ಸಿಸೇರಿಯನ್ ಕಮ್ಮಿ, ಲೇಬರ್ ಸರಾಸರಿ 40 ನಿಮಿಷದಷ್ಟು ಚಿಕ್ಕದು, ಹೆರಿಗೆ ಬಗ್ಗೆ ಕಹಿ ಉಳಿಯೋದೂ ಕಮ್ಮಿ. ಆದ್ರೆ ಅದು ಸಾವಿರಾರು ಜನರ ಒಟ್ಟು ಲೆಕ್ಕ, ನಿಮ್ಮೊಬ್ಬರಿಗೆ ಏನಾಗತ್ತೆ ಅಂತ ಅದು ಹೇಳಲ್ಲ.

ನಾವು ಡೌಲಾಗಳು ಮಾಡೋ ಕೆಲಸ ಹೊರಗಿಂದ ನೋಡಿದ್ರೆ ಸಣ್ಣದು. ಮಗು ಬೆನ್ನು ತಾಯಿ ಬೆನ್ನಿಗೆ ತಿರುಗಿದ್ರೆ ನೋವೆಲ್ಲ ಸೊಂಟದಲ್ಲೇ ಕಟ್ಕೊಳ್ಳತ್ತೆ, ಆಗ ಪ್ರತಿ ನೋವಿಗೂ ಸೊಂಟದ ಕೆಳಗಿನ ಮೂಳೆ ಮೇಲೆ ಅಂಗೈ ಇಟ್ಟು ಬಲವಾಗಿ ಒತ್ತಿ ಹಿಡೀಬೇಕು, ಮಂಡಿ ಕೈ ಊರಿ ಬಗ್ಗಿಸಬೇಕು, ಅದನ್ನ ಗಂಟೆಗಟ್ಲೆ ಮಾಡ್ಬೇಕು. ಮೂತ್ರಕ್ಕೆ ಹೋಗು ಅಂತ ನೆನಪಿಸಬೇಕು, ಮೂತ್ರಕೋಶ ತುಂಬಿದ್ರೆ ಮಗು ತಲೆ ಇಳಿಯೋಕೆ ತೊಂದ್ರೆ. ಡಾಕ್ಟರ್ ಏನಾದ್ರೂ ಸಲಹೆ ಕೊಟ್ರೆ ಯಾಕೆ, ಸ್ವಲ್ಪ ಕಾಯಬಹುದಾ, ಬೇರೆ ದಾರಿ ಇದೆಯಾ ಅಂತ ಕೇಳೋಕೆ ಅವಳಿಗೆ ಧೈರ್ಯ ಕೊಡ್ತೀವಿ, ತೀರ್ಮಾನ ಅವಳದು. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅಂತ ಒಳಗೆ ಕೈ ಹಾಕಿ ನೋಡೋದು, ಔಷಧಿ ಕೊಡೋದು, ಹೆರಿಗೆ ಮಾಡ್ಸೋದು ಇದ್ಯಾವ್ದೂ ಡೌಲಾ ಕೆಲಸ ಅಲ್ಲ, ಮಾಡ್ತೀನಿ ಅನ್ನೋರನ್ನ ಬಾಗಿಲಲ್ಲೇ ನಿಲ್ಲಿಸಿ.

ಸಿಸೇರಿಯನ್ ಆದ್ರೆ ದುಡ್ಡು ದಂಡ ಅಂತೀರಲ್ಲ, ಆಗ್ಲೇ ನಮ್ಮ ಕೆಲಸ ಜಾಸ್ತಿ. ಅನಸ್ತೇಷಿಯಾ ಕೊಟ್ಮೇಲೆ ಮೈ ಗಡಗಡ ನಡುಗಬಹುದು, ನೋವಿಲ್ಲದಿದ್ರೂ ಹೊಟ್ಟೆ ಎಳೆದ ಹಾಗೆ ಅನ್ಸತ್ತೆ ಅಂತ ಮೊದಲೇ ಗೊತ್ತಿದ್ದವಳು ಗಾಬರಿ ಆಗಲ್ಲ. ಮಗು, ತಾಯಿ ಇಬ್ರೂ ಹುಷಾರಾಗಿದ್ರೆ ಬೇಗ ಎದೆ ಮೇಲೆ ಮಲಗಿಸಿ ಅಂತ ಸ್ಟಾಫ್‌ಗೆ ನೆನಪಿಸೋದು, ಹೊಲಿಗೆ ಮೇಲೆ ಭಾರ ಬೀಳದ ಹಾಗೆ ಪಕ್ಕಕ್ಕೆ ಹಿಡ್ಕೊಂಡು ಹಾಲು ಕುಡಿಸೋದು, ಕೆಮ್ಮೋವಾಗ ದಿಂಬು ಒತ್ಕೊಳ್ಳೋದು, ಇದನ್ನೆಲ್ಲ ಆವತ್ತು ಪಕ್ಕದಲ್ಲಿದ್ದು ಯಾರೋ ಹೇಳ್ಕೊಡ್ಬೇಕು.

ಇನ್ನೊಂದು, ಇದ್ರಲ್ಲಿ ನಾನು ತುಂಬಾ ಕಟ್ಟುನಿಟ್ಟು. ಮಗು ಮಿಸುಕಾಟ ಕಮ್ಮಿ ಆಗಿದೆ, ರಕ್ತ ಹೋಗ್ತಿದೆ, ತಲೆನೋವಿನ ಜೊತೆ ಕಣ್ಣು ಮಂಜಾಗ್ತಿದೆ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಎಡಕ್ಕೆ ಮಲಗಿ ನೋಡಿ, ನೀರು ಕುಡೀರಿ ಅಂತ ನಾನು ಹೇಳಲ್ಲ, ಆಸ್ಪತ್ರೆಗೆ ಹೊರಡಿ ಅಂತೀನಿ. ಸುಮ್ನೆ ಹೋಗಿ ಬಂದ್ರೂ ಪರವಾಗಿಲ್ಲ.

ಪ್ರಶ್ನೆ: ಎಪಿಡ್ಯೂರಲ್ (ನೋವು ಗೊತ್ತಾಗದ ಹಾಗೆ ಬೆನ್ನಿಗೆ ಕೊಡೋ ಔಷಧಿ) ತಗೊಂಡ್ರೆ ಡೌಲಾ ಬೇಜಾರು ಮಾಡ್ಕೋತಾರಾ?

ಉತ್ತರ: ಬೇಜಾರು ಮಾಡ್ಕೊಳ್ಳೋರು ಈ ಕೆಲಸಕ್ಕೆ ಲಾಯಕ್ಕಲ್ಲ.

ಪ್ರಶ್ನೆ: ಹರಳೆಣ್ಣೆ ಕುಡಿದ್ರೆ ನೋವು ಬೇಗ ಶುರುವಾಗತ್ತಂತೆ?

ಉತ್ತರ: ವಾಂತಿ ಭೇದಿ ಬೇಗ ಶುರುವಾಗತ್ತೆ. ಕುಡೀಬೇಡಿ.

ಪ್ರಶ್ನೆ: ಗಂಡ ಪಕ್ಕದಲ್ಲಿದ್ರೆ ಸಾಕಲ್ವಾ?

ಉತ್ತರ: ನಿಮಗೆ ಸಾಕು ಅನ್ಸಿದ್ರೆ ಸಾಕು, 2018ರ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿಯೂ ತಾಯಿ ಇಷ್ಟಪಟ್ಟವ್ರು ಜೊತೆಗಿರ್ಬೇಕು ಅಂತಾನೇ ಹೇಳತ್ತೆ.

ಪ್ರಶ್ನೆ: ನನ್ನ ಹೆಂಡ್ತಿಗೆ ಹೆರಿಗೆಯಾಗಿ ಮೂರು ವಾರ, ದಿನಾ ಅಳ್ತಾಳೆ, ಮಗು ಮಲಗಿದ್ರೂ ನಿದ್ದೆ ಬರಲ್ಲ ಅಂತಾಳೆ. ಡೌಲಾ ಬಂದು ಮಾತಾಡಿದ್ರೆ ಸರಿಹೋಗತ್ತಾ?

ಉತ್ತರ: ಮೊದಲ ಕೆಲವು ದಿನದ ಅಳು ಸಾಮಾನ್ಯ, ಎರಡು ವಾರದೊಳಗೆ ತಾನೇ ಇಳಿಯತ್ತೆ, ಮೂರನೇ ವಾರದಲ್ಲೂ ಹೀಗಿದೆ ಅಂದ್ರೆ ಖಿನ್ನತೆ ಇರಬಹುದು, ಡಾಕ್ಟರ್ ನೋಡ್ಲೇಬೇಕು. ಮಗು ದಿನಕ್ಕೆ 8ರಿಂದ 12 ಸಲ ಹಾಲು ಕೇಳತ್ತೆ, ಮಧ್ಯೆ ಮಧ್ಯೆ ಡೌಲಾ ಮಗು ನೋಡ್ಕೊಂಡು ಅವಳಿಗೆ ಎರಡು ಗಂಟೆ ಮಲಗೋಕೆ ಬಿಡಬಹುದು, ಆದ್ರೆ ಚಿಕಿತ್ಸೆ ಬದಲಿಗೆ ಅಲ್ಲ. ತನಗೋ ಮಗುಗೋ ಏನಾದ್ರೂ ಮಾಡ್ಕೋಬೇಕು ಅನ್ನೋ ಮಾತು ಬಂದಿದ್ರೆ, ಇಲ್ದೇ ಇರೋದು ಕಾಣ್ತಿದೆ ಕೇಳ್ತಿದೆ ಅಂತಿದ್ರೆ ಅವಳನ್ನ ಒಂಟಿ ಬಿಡ್ಬೇಡಿ, ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.