ದಿನಸಿ ಕಿಟ್‌ನಲ್ಲಿ ಏನಿರಬೇಕು? ಯಾರನ್ನು ಕೇಳಬೇಕು?

ಪ್ರಶ್ನೆ: ನಮ್ಮ ಬಡಾವಣೆಯ ಹೆಂಗಸರು ಸೇರಿ ಪ್ರತಿ ತಿಂಗಳು ಸುತ್ತಲಿನ ಬಡ ಮನೆಗಳಿಗೆ ದಿನಸಿ ಕಿಟ್ ಕೊಡುತ್ತೇವೆ. ಸೋನಾ ಮಸೂರಿ ಅಕ್ಕಿ, ಗೋಧಿ ಹಿಟ್ಟು, ಸಕ್ಕರೆ, ಓಟ್ಸ್, ಬಿಸ್ಕತ್ತು ಇರುತ್ತದೆ. ಹೋದ ತಿಂಗಳು ಒಬ್ಬರು ಗೋಧಿ ಹಿಟ್ಟನ್ನು ಅಂಗಡಿಗೆ ಮಾರಿದ್ದು ಗೊತ್ತಾಯಿತು. ತುಂಬಾ ಬೇಜಾರಾಗಿದೆ. ಅಂಥವರಿಗೆ ಕೊಡುವುದನ್ನು ನಿಲ್ಲಿಸೋಣ ಅಂತ ಕೆಲವರು ಹೇಳುತ್ತಿದ್ದಾರೆ. ಏನು ಮಾಡುವುದು?
– ಗೃಹಿಣಿ, ಅರಸೀಕೆರೆ

ಉತ್ತರ: ನಿಲ್ಲಿಸಬೇಡಿ ತಾಯಿ. ಆ ಹೆಂಗಸು ಹಿಟ್ಟು ಮಾರಿ ಏನು ತಂದರು ಅಂತ ಯಾರಾದರೂ ಕೇಳಿದಿರಾ? ರಾಗಿ ತಂದಿರಬಹುದು. ಹುರುಳಿಕಾಳು, ಒಣಮೆಣಸಿನಕಾಯಿ ತಂದಿರಬಹುದು. ನಿಮ್ಮದು ರಾಗಿ, ತೆಂಗಿನ ಸೀಮೆ. ಅಲ್ಲಿ ಊಟ ಅಂದರೆ ಮುದ್ದೆ, ಸಾರು.

ಚಪಾತಿ ಮಾಡಲು ಎಣ್ಣೆ ಬೇಕು. ಒಂದೊಂದಾಗಿ ಬೇಯಿಸಲು ಉರಿ ಜಾಸ್ತಿ ಬೇಕು. ತಿನ್ನಲು ಹಲ್ಲು ಬೇಕು. ಮುದ್ದೆಯಾದರೆ ಒಂದೇ ಪಾತ್ರೆಯಲ್ಲಿ ಮನೆಮಂದಿಗೆಲ್ಲ ಆಗುತ್ತದೆ, ಹಲ್ಲಿಲ್ಲದವರೂ ನುಂಗುತ್ತಾರೆ. ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿ ಹಳ್ಳಿ ಸುತ್ತುತ್ತಿದ್ದಾಗ ಬಾಗೂರು ಕಡೆಯ ಒಬ್ಬ ಅಜ್ಜಿ ಹೇಳಿದ್ದರು: "ಅನ್ನ ಉಂಡ್ರೆ ಉಂಡಂಗೇ ಇರಲ್ಲ ಕಣವ್ವ. ಬಿಸಿ ಮುದ್ದೆ ಇಳಿದ್ರೇ ನಿದ್ದೆ ಬರೋದು." ಆ ಅಜ್ಜಿಯ ಕೈಗೆ ಓಟ್ಸ್ ಪೊಟ್ಟಣ ಕೊಟ್ಟರೆ ಅವರು ಏನು ಮಾಡಬೇಕು ಹೇಳಿ?

ಅಕ್ಕಿಯ ವಿಷಯವೂ ಅಷ್ಟೇ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಕಾರ್ಡಿದ್ದ ಮನೆಗೆ ಸೊಸೈಟಿ ಅಕ್ಕಿ ಬರುತ್ತಿದೆ. ಅದು ದೊಡ್ಡ ಆಸರೆ, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ನಿಮ್ಮ ಕಿಟ್‌ನಲ್ಲೂ ಅಕ್ಕಿಯೇ ಮೇಲಾದರೆ ಸಾರಿಗೆ ಬೇಕಾದ ಬೇಳೆ, ಕಾಳು, ಹುಣಸೆಹಣ್ಣು, ಎಣ್ಣೆ ಎಲ್ಲಿಂದ ಬರಬೇಕು? ಕೊರತೆ ಇರುವುದು ಅಲ್ಲಿ.

ರಾಗಿ ಕೊಟ್ಟರೆ ಕೀಳಾಗಿ ಕಂಡ ಹಾಗಾಗುತ್ತದೆ ಅನ್ನುವ ಅಳುಕು ನಿಮ್ಮವರಲ್ಲಿ ಇರಬಹುದು. ಅದನ್ನು ಬಿಟ್ಟುಬಿಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಇಪ್ಪತ್ತನೇ ಒಂದು ಪಾಲೂ ಇಲ್ಲ.

ಕೊಡುವಾಗ ಹಿಟ್ಟು ಬೇಡ, ಕಾಳನ್ನೇ ಕೊಡಿ. ಒಣಗಿದ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ, ಹಿಟ್ಟು ಮಳೆಗಾಲದಲ್ಲಿ ಮುಗ್ಗಲು ಹಿಡಿಯುತ್ತದೆ. ಮಿಲ್ಲಿನ ಕೂಲಿಗೆ ಒಂದಿಷ್ಟು ಚಿಲ್ಲರೆ ಜೊತೆಗಿಡಿ. ಸುಗ್ಗಿ ಮುಗಿದ ಕೂಡಲೇ ನಿಮ್ಮ ತಾಲ್ಲೂಕಿನ ಸಣ್ಣ ರೈತರಿಂದ ನೇರವಾಗಿ ಕೊಳ್ಳಿ. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಅದಕ್ಕಿಂತ ಒಂದು ರೂಪಾಯಿಯನ್ನೂ ಇಳಿಸಬೇಡಿ. ಹೊಲದವರೂ ಬದುಕಬೇಕು, ಅಲ್ವಾ?

ಏನು ಉಣ್ಣಬೇಕು ಅಂತ ಉಣ್ಣುವವರೇ ಹೇಳಬೇಕು ಅನ್ನುವುದನ್ನು ರೈತರು ಯಾವತ್ತೋ ಹೇಳಿದ್ದಾರೆ. 1996ರಲ್ಲಿ ರೋಮ್‌ನಲ್ಲಿ ವಿಶ್ವ ಆಹಾರ ಶೃಂಗಸಭೆ ನಡೆದಾಗ 'ಲಾ ವಿಯಾ ಕಂಪೆಸಿನಾ' ಎಂಬ ರೈತ ಒಕ್ಕೂಟ 'ಆಹಾರ ಸಾರ್ವಭೌಮತ್ವ'ದ ಮಾತನ್ನು ಮುಂದಿಟ್ಟಿತು. ಎಂ.ಡಿ. ನಂಜುಂಡಸ್ವಾಮಿಯವರ ಕರ್ನಾಟಕ ರಾಜ್ಯ ರೈತ ಸಂಘವೂ ಆ ಒಕ್ಕೂಟದಲ್ಲಿತ್ತು. ಹೊಟ್ಟೆ ತುಂಬಿದರೆ ಸಾಲದು, ಏನು ಬೆಳೆಯಬೇಕು, ಏನು ಉಣ್ಣಬೇಕು ಅನ್ನುವ ತೀರ್ಮಾನ ಜನರದ್ದೇ ಆಗಿರಬೇಕು ಅನ್ನುವುದು ಅವರ ಬೇಡಿಕೆ. 2007ರಲ್ಲಿ ಆಫ್ರಿಕಾದ ಮಾಲಿ ದೇಶದಲ್ಲಿ ಸೇರಿದ ರೈತರು, ಮೀನುಗಾರರು, ಪಶುಪಾಲಕರು ತಮ್ಮ ಘೋಷಣೆಯಲ್ಲಿ ಇದನ್ನೇ ಬರೆದರು: ತಮ್ಮ ಸಂಸ್ಕೃತಿಗೆ ಒಗ್ಗುವ ಆಹಾರ ಜನರ ಹಕ್ಕು.

ಹಾಗಾಗಿ ಮುಂದಿನ ತಿಂಗಳ ಪಟ್ಟಿಯನ್ನು ನೀವೇ ಕೂತು ಬರೆಯಬೇಡಿ. ಕಿಟ್ ಪಡೆಯುವ ಮನೆಗಳಿಂದ ಇಬ್ಬರು ಮೂವರು ಹೆಂಗಸರನ್ನು ಕರೆದು ಕೂರಿಸಿಕೊಳ್ಳಿ. ಹಿಟ್ಟು ಮಾರಿದವರನ್ನೇ ಮೊದಲು ಕರೆಯಿರಿ. ಅವರಿಗೆ ಬೇಕಾದ್ದು ಏನು ಅಂತ ಅವರಷ್ಟು ಚೆನ್ನಾಗಿ ಯಾರಿಗೆ ಗೊತ್ತು?

ಪ್ರಶ್ನೆ: ಮಳೆ ಜೋರಾದಾಗ ನಮ್ಮೂರ ಶಾಲೆಯಲ್ಲಿ ಗಂಜಿ ಕೇಂದ್ರ ನಡೆಸುತ್ತೇವೆ. ಕಾಫಿ ತೋಟದ ಲೈನ್ ಮನೆಗಳ ಅಸ್ಸಾಂ, ಜಾರ್ಖಂಡ್ ಕಾರ್ಮಿಕರೂ ಬರುತ್ತಾರೆ. ಚಿತ್ರಾನ್ನ, ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯುತ್ತದೆ. ಅವರಿಗೂ ಮುದ್ದೆ ಕೊಡಬಹುದೇ?
– ಯುವಕ ಸಂಘದ ಸದಸ್ಯ, ಮೂಡಿಗೆರೆ

ಉತ್ತರ: ಬೇಡಪ್ಪ. ಮುದ್ದೆ ನಮಗೆ ಅಮೃತ, ಅವರಿಗೆ ಹೊಸದು. ಜಾರ್ಖಂಡ್ ಕಡೆಯ ಎಷ್ಟೋ ಜನಕ್ಕೆ ಕುಸುಬಲಕ್ಕಿ ಅನ್ನ ರೂಢಿ. ಅಸ್ಸಾಮಿನವರ ಅಡುಗೆಗೆ ಸಾಸಿವೆ ಎಣ್ಣೆ ಬೇಕು. ಎರಡು ಡಬ್ಬಿ ತರಿಸಿಡುವುದು ದೊಡ್ಡ ಖರ್ಚಲ್ಲ. ಅದಕ್ಕಿಂತ ಮುಖ್ಯವಾಗಿ ಒಂದು ಒಲೆ, ಒಂದು ದೊಡ್ಡ ಪಾತ್ರೆಯನ್ನು ಅವರಿಗೇ ಬಿಟ್ಟುಕೊಡಿ. ಮಲೆನಾಡಿನ ಮನೆಗಳಿಂದ ಬಂದವರಿಗೂ ಹಾಗೆಯೇ. ಅಕ್ಕಿ ಹಿಟ್ಟು, ಅಕ್ಕಿ ತರಿ ಕೊಟ್ಟರೆ ರೊಟ್ಟಿಯನ್ನೋ ಕಡುಬನ್ನೋ ಅವರೇ ಮಾಡಿಕೊಳ್ಳುತ್ತಾರೆ. ಮನೆ ಬಿಟ್ಟು ಬಂದು ಕೈಕಟ್ಟಿ ಕೂತವರಿಗೆ ಕೆಲಸವೂ ಸಿಕ್ಕಿದ ಹಾಗಾಗುತ್ತದೆ.

ಪ್ರಶ್ನೆ: ಕಿಟ್‌ನಲ್ಲಿ ಮೊಟ್ಟೆ, ಒಣಮೀನು ಇಡೋಣ ಅಂದೆ. ದಾನಿಗಳಲ್ಲಿ ಕೆಲವರು ಬೇಡ ಎಂದರು. ಯಾರ ಮಾತು ನಡೆಯಬೇಕು?
– ನಿವೃತ್ತ ಶಿಕ್ಷಕಿ, ಬೇಲೂರು

ಉತ್ತರ: ಉಣ್ಣುವವರ ಮಾತು. ಸರ್ಕಾರಿ ಶಾಲೆಗಳಲ್ಲಿ ತಿನ್ನುವ ಮಕ್ಕಳಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ. ಅದೇ ದಾರಿ ಹಿಡಿಯಿರಿ. ಬೇಡ ಎಂದ ದಾನಿಗಳ ಹಣ ಬೇಳೆ, ಬೆಲ್ಲಕ್ಕೆ ಹೋಗಲಿ. ಒಣಮೀನಿನ ಚೀಲ ಬೇರೆ ಕಟ್ಟಿ, ಕೇಳಿದ ಮನೆಗಳಿಗಷ್ಟೇ ತಲುಪಿಸಿ.