ವಿಯೆಟ್ನಾಂ ಬೆಳೆ ಕೆಟ್ಟಿದೆಯಂತೆ, ಸಾಲ ಇದ್ದರೂ ಕಾಫಿ ಮಾರದೆ ಇಟ್ಟುಕೊಳ್ಳಲಾ?

1999ರಲ್ಲಿ ನಾನೂ ಹೆಚ್ಚುಕಡಿಮೆ ಇದೇ ಲೆಕ್ಕ ಹಾಕಿದ್ದೆ.

ಸುಂಟಿಕೊಪ್ಪದ ಹತ್ತಿರ ನಮ್ಮದು ಆರು ಎಕರೆ ರೋಬಸ್ಟಾ ಕಾಫಿ ತೋಟ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ರೇಟು ಏರಿತ್ತು. 1996ಕ್ಕೆ ಕಾಫಿ ಬೋರ್ಡಿನ ಹಂಗು ತಪ್ಪಿ, ಬೇಕಾದಾಗ ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಬಂತು. ಆ ಧೈರ್ಯದಲ್ಲಿ ಸಾಲ ಮಾಡಿ ಸ್ಪ್ರಿಂಕ್ಲರ್ ಹಾಕಿಸಿದೆ. 1999-2000ರ ಕೊಯ್ಲಿಗೆ ರೇಟು ಇಳಿಯುತ್ತಿತ್ತು. ಮತ್ತೆ ಏರುತ್ತೆ ಅಂತ 140 ಚೀಲ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಇಟ್ಟುಕೊಂಡೆ. ವಿಯೆಟ್ನಾಂ ಯುದ್ಧದಲ್ಲಿ ಸುಟ್ಟುಹೋದ ದೇಶ, ಎಷ್ಟು ವರ್ಷ ಅಂತ ಇಷ್ಟು ಕಾಫಿ ಕಳಿಸ್ತಾರೆ ಅಂದುಕೊಂಡೆ.

ನಾನು ಎಡವಿದ್ದು ಅಲ್ಲೇ. ಯುದ್ಧ 1975ರಲ್ಲೇ ಮುಗಿದಿತ್ತು. ಆಮೇಲೆ ಹತ್ತು ವರ್ಷ ಸಾಮೂಹಿಕ ಬೇಸಾಯ, ಅಕ್ಕಿಗೂ ಪರದಾಟ. 1986ರಲ್ಲಿ ‘ದೊಯ್ ಮೊಯ್’ ಅನ್ನೋ ಸುಧಾರಣೆ ಶುರುವಾಯ್ತು. 1988ರಲ್ಲಿ ಬೇಸಾಯ ಮತ್ತೆ ಮನೆಮನೆಯ ಕೈಗೆ ಬಂತು. ಭೂಮಿ ಸರ್ಕಾರದ್ದೇ, ಆದರೆ ಉಳುವ ಹಕ್ಕನ್ನು ಮಾರಬಹುದು, ಅಡವಿಟ್ಟು ಸಾಲ ತೆಗೆಯಬಹುದು ಅಂತ 1993ರ ಕಾನೂನು ಹೇಳಿತು. ಮರುವರ್ಷ ಅಮೆರಿಕದ ವ್ಯಾಪಾರ ನಿರ್ಬಂಧವೂ ಹೋಯ್ತು. ಬಯಲಿನ ಜನ ದಾಕ್ ಲಾಕ್ ಅನ್ನೋ ಪ್ರಾಂತ್ಯದ ಗುಡ್ಡ ಹತ್ತಿ ಕಾಫಿ ಗಿಡ ನೆಟ್ಟರು. (ಅಲ್ಲಿನ ಬುಡಕಟ್ಟು ಜನ ಜಮೀನು ಕಳೆದುಕೊಂಡು 2001ರಲ್ಲಿ ಬೀದಿಗಿಳಿದರು. ಅದನ್ನು ಬಿಟ್ಟು ವಿಯೆಟ್ನಾಂ ಪವಾಡ ಅನ್ನೋದು ನನಗೆ ಸರಿ ಕಾಣಲ್ಲ.)

ರೋಬಸ್ಟಾ ನೆಟ್ಟ ಮೂರು-ನಾಲ್ಕು ವರ್ಷಕ್ಕೆ ಫಸಲು ಕೊಡುತ್ತೆ, ಅಲ್ವಾ? 1994-95ರಲ್ಲಿ ನೆಟ್ಟದ್ದು 1998-99ಕ್ಕೆ ಕಣಕ್ಕೆ ಬರುತ್ತೆ. ತೋಟದಲ್ಲೇ ಹುಟ್ಟಿದ ನಾನು ಬೆರಳು ಮಡಚಿ ಎಣಿಸಿದ್ದರೆ ಸಾಕಿತ್ತು. ಎಣಿಸಲಿಲ್ಲ. 2000ದ ಹೊತ್ತಿಗೆ ಅವರು ಕೊಲಂಬಿಯಾವನ್ನೂ ದಾಟಿ ಬ್ರೆಜಿಲ್ ನಂತರದ ಸ್ಥಾನದಲ್ಲಿದ್ದರು.

ಗೋಡೌನ್ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ವಾರವಾರ ರೇಟು ಬರೆಯುತ್ತಿದ್ದೆ. ಕೆಳಕೆಳಗೆ ಹೋದಂತೆ ಸಂಖ್ಯೆಯೂ ಸಣ್ಣದಾಯ್ತು. ಎರಡು ಮಳೆಗಾಲ ಕಳೆಯುವಾಗ ಅಡಿಯ ಚೀಲಗಳಿಗೆ ತೇವ ಹಿಡಿದು ಬೂಷ್ಟಿನ ವಾಸನೆ ಬಂತು. 2001ರ ಕೊನೆಗೆ ಅರ್ಧ ದುಡ್ಡಿಗೆ ಕೊಟ್ಟೆ. ಸಾಲ ತೀರಿಸೋಕೆ ಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಓಕ್‌ಗಳನ್ನೇ ಕಡಿಸಬೇಕಾಯ್ತು.

ಹಾಗಾಗಿ ಬೆಳೆ ಕೆಟ್ಟಿದೆಯಾ ಅಂತ ಕೇಳಬೇಡಿ. ಒಂದು ವರ್ಷದ ಬರ ಮರುವರ್ಷಕ್ಕೆ ಮುಗಿಯಬಹುದು. ಅಲ್ಲಿ ಕಾಫಿ ಕಿತ್ತು ಡೂರಿಯನ್ ಹಣ್ಣಿನ ಗಿಡ ಹಾಕುವವರು ಜಾಸ್ತಿಯಾ, ಹೊಸದಾಗಿ ಕಾಫಿ ನೆಡುವವರು ಜಾಸ್ತಿಯಾ ಅಂತ ನೋಡಿ. ಸಾಲ ತೀರುವಷ್ಟು ಚೆರಿಯನ್ನು ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆಯೇ ಮಾರಿ. ಉಳಿದದ್ದನ್ನು ಇಟ್ಟುಕೊಳ್ಳುವುದಾದರೆ ಹಲಗೆ ಮೇಲೆ ಇಡಿ, ಗೋಡೆಗೆ ತಾಗಿಸಬೇಡಿ.